ಮೇಲಿನ ಮನೆಯವರ ನಗು

ಒಂದು ಊರಲ್ಲಿ ಎಂಟು ಜನ, ಆ ಎಂಟು ಜನಕ್ಕೂ ಸೇರಿ ಒಂದೇ ಬಚ್ಚಲು. ಅಜ್ಜಿಯ ಕಥೆ ಯಾವಾಗಲೂ ಹೀಗೇ ಶುರುವಾಗುತ್ತಿತ್ತು. ಓರಗೆಯ ಮಕ್ಕಳು ಏಳು ಸುತ್ತಿನ ಕೋಟೆಯೊಳಗೆ ರಾಜಕುಮಾರಿಯ ಜೊತೆ ನಿದ್ದೆಹೋಗುತ್ತಿದ್ದ ವಯಸ್ಸಿನಲ್ಲಿ ಈ ಮೊಮ್ಮಗಳು ಬಚ್ಚಲ ಬಾಗಿಲ ಮುಂದಿನ ಸಾಲಿನಲ್ಲಿ ನಿದ್ದೆಹೋಗುತ್ತಿದ್ದಳು. ಮುಂದೆ ಬಕೆಟ್ ಹಿಡಿದ ದೊಡ್ಡಪ್ಪ, ಅವನ ಹಿಂದೆ ಟವೆಲ್ ಸುತ್ತಿಕೊಂಡ ಮನೆಅಳಿಯ, ಅವನ ಹಿಂದೆ ಹಲ್ಲುಜ್ಜುವ ಬ್ರಷ್ಷನ್ನು ಕತ್ತಿಯ ಹಾಗೆ ಝಳಪಿಸುವ ಅತ್ತೆ. ಒಳಗೆ ಯಾರಿದ್ದಾರೆಂದು ಯಾರಿಗೂ ಗೊತ್ತಿಲ್ಲ.

ಕಥೆಯ ನಿಜವಾದ ಸ್ವಾರಸ್ಯವಿದ್ದದ್ದು ಮೇಲಿನ ಮನೆಯವರಲ್ಲಿ. ಅವರು ನಲವತ್ತು ಜನ. ಅವರ ಮನೆಯಲ್ಲಿ ಟೀವಿ ಇಲ್ಲ. ಅದಕ್ಕೇ ನೆಲಕ್ಕೆ ಕಿವಿಯಿಟ್ಟು ಸಾಲಾಗಿ ಮಲಗಿ, ಕೆಳಗಿನವರ ಜಗಳ ಕೇಳಿಸಿಕೊಂಡು ಬಿದ್ದು ಬಿದ್ದು ನಗುತ್ತಿದ್ದರು.

"ಮಲಗಿದವರು ಬೀಳೋದು ಹೇಗಜ್ಜಿ?"

"ನಡುವೆ ಬಾಯಿ ಹಾಕಬೇಡ ಕೂಸೇ, ಕಥೆ ಹಳಸಿಹೋಗುತ್ತೆ."

ಅವರಲ್ಲೊಬ್ಬಳು ಸೊಸೆ, ನಕ್ಕ ಮೇಲೆ ತಪ್ಪದೆ ಬಿಕ್ಕಳಿಸುವವಳು. ಇನ್ನೊಬ್ಬ ಚಿಕ್ಕಪ್ಪ. ಅವನಿಗೆ ಎಡಗಿವಿ ಮಂದ. ಬಲಗಿವಿಗೆ ಹೊರಳಿ ಮಲಗುವಷ್ಟರಲ್ಲಿ ಕೆಳಗೆ ಮಾತು ಮುಗಿದಿರುತ್ತಿತ್ತು. ಹಾಗಾಗಿ ಮೂವತ್ತೊಂಬತ್ತು ಜನ ನಕ್ಕು ಸುಮ್ಮನಾದ ಮೇಲೆ ಅವನೊಬ್ಬನೇ "ಹ್ಹೆ... ಹ್ಹೆ" ಎನ್ನುತ್ತಿದ್ದ. ಅಜ್ಜಿ ಆ ನಗುವನ್ನು ಎಷ್ಟು ಚೆನ್ನಾಗಿ ನಗುತ್ತಿದ್ದಳೆಂದರೆ ಮೊಮ್ಮಗಳಿಗೆ ಆ ಚಿಕ್ಕಪ್ಪ ಸ್ವಂತ ಚಿಕ್ಕಪ್ಪನಿಗಿಂತ ಹತ್ತಿರದವನಾಗಿದ್ದ.

ಇದು ಅಜ್ಜಿಯ ಸ್ವಂತ ಕಥೆಯೇನಲ್ಲ. ಮೂವತ್ತು ವರ್ಷದ ಹಿಂದೆ, ಮೂರು ವರ್ಷಗಳ ಕಾಲ, ವಾರಕ್ಕೊಮ್ಮೆ ರಾತ್ರಿ ಎಂಟೂವರೆಗೆ ಟೀವಿಯಲ್ಲಿ ಬರುತ್ತಿದ್ದ ನಗೆ ಧಾರಾವಾಹಿ. ಹೆಸರು ‘ಎಂಟು ಜನ, ಒಂದು ಬಚ್ಚಲು’.

ಮೊಮ್ಮಗಳು ದೊಡ್ಡವಳಾಗಿ ಟೀವಿ ಕಂಪನಿಯೊಂದರಲ್ಲಿ ಪರದೆಯ ಕೆಳಗೆ ಬರುವ ಅಡಿಬರಹ ಟೈಪು ಮಾಡುವ ಕೆಲಸಕ್ಕೆ ಸೇರಿದಳು. ಬಾಯಿ ಬಿಟ್ಟರೆ ಕಥೆ, ಕಥೆ ಶುರುವಾದರೆ ಮುಗಿಯುವುದಿಲ್ಲ ಎಂದು ಆಫೀಸಿನವರು ಅವಳಿಗೆ ‘ಪಿಟೀಲು’ ಎಂದು ಹೆಸರಿಟ್ಟರು. "ಕುಯ್ಯೋಕೆ ಶುರುಮಾಡಿದಳಪ್ಪ" ಎಂದು ಮೊದಲು ಹೇಳಿದವನು ಪಕ್ಕದ ಕೋಣೆಯ ಸಂಕಲನಕಾರ. ಅವನಿಗೆ ಅವಳು ಪ್ರತಿಯಾಗಿ ‘ಕತ್ತರಿ’ ಎಂದು ಹೆಸರಿಟ್ಟು ಲೆಕ್ಕ ಸಮ ಮಾಡಿಕೊಂಡಿದ್ದಳು.

ಒಂದು ದಿನ ನಿರ್ಮಾಪಕಿ ಎಲ್ಲರನ್ನೂ ಸಭೆಗೆ ಕರೆದಳು. ಹಳೆಯ ಧಾರಾವಾಹಿಗಳನ್ನೆಲ್ಲ ಈ ಕಾಲದವರಿಗಾಗಿ ಹೊಸದಾಗಿ ಮಾಡುವ ಹುಚ್ಚು ಎಲ್ಲ ಕಂಪನಿಗಳಿಗೂ ಹಿಡಿದಿತ್ತು. ಇವರ ಪಾಲಿಗೆ ಬಂದದ್ದು ಆ ಬಚ್ಚಲು.

"ಈಗ ಕೋಣೆಗೊಂದು ಬಚ್ಚಲು ಇರುತ್ತೆ ಮೇಡಂ. ಎಂಟು ಜನ ಸಾಲು ನಿಲ್ಲೋದನ್ನ ಯಾರು ನಂಬ್ತಾರೆ?" ಎಂದನೊಬ್ಬ.

"ಬಚ್ಚಲಿಗೆ ಪಾಸ್‌ವರ್ಡ್ ಇಡೋಣ," ಎಂದನಿನ್ನೊಬ್ಬ.

"ಬಾಯಿ ಮುಚ್ಚಿ. ಹಳೇ ಲೇಖಕರು ಇನ್ನೂ ಗಟ್ಟಿಯಾಗಿದ್ದಾರೆ. ಮೊದಲ ಕಂತು ಓದಿಸಿಕೊಂಡು ಕೇಳಿ, ಒಪ್ಪಿ ಸಹಿ ಹಾಕಿದ್ರೆ ಮಾತ್ರ ಮುಂದೆ. ಬರೆದುಕೊಂಡು ಹೋದ ಇಬ್ಬರನ್ನ ಆಗಲೇ ಓಡಿಸಿದ್ದಾರೆ. ಒಬ್ಬರು ಬಚ್ಚಲನ್ನ ಚಂದ್ರನ ಮೇಲೆ ಇಟ್ಟಿದ್ರಂತೆ." ನಿರ್ಮಾಪಕಿ ಸುತ್ತ ನೋಡಿದಳು. "ಟೇಪುಗಳು ಬೂಷ್ಟು ಹಿಡಿದಿವೆ, ಕತ್ತರಿ ಒರೆಸಿ ಮುಗಿಸೋಕೆ ತಿಂಗಳಾಗುತ್ತೆ. ಅಲ್ಲೀವರೆಗೂ ಕಾಯೋ ಹಾಗಿಲ್ಲ. ನಿಮ್ಮಲ್ಲಿ ಇದನ್ನ ನೋಡಿದವರು ಯಾರಿದ್ದೀರಿ?"

ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನ ಆಗ ಹುಟ್ಟಿಯೇ ಇರಲಿಲ್ಲ. ಪಿಟೀಲಿನ ಕೈ ತಾನಾಗಿಯೇ ಮೇಲೆದ್ದಿತು.

"ನನಗೆ ಬಾಯಿಪಾಠ ಮೇಡಂ!"

ಹೀಗೆ, ಅಡಿಬರಹದ ಹುಡುಗಿ ಒಂದೇ ಮಧ್ಯಾಹ್ನದಲ್ಲಿ ಲೇಖಕಿಯಾದಳು. ಹಳೆಯ ಲೇಖಕರು ಒಪ್ಪಿದರೆ ಆ ಕುರ್ಚಿ ಖಾಯಂ. ಒಪ್ಪದಿದ್ದರೆ ಹಳೆಯ ಕುರ್ಚಿಯೂ ಇಲ್ಲ, ಅದಕ್ಕೆ ಆಗಲೇ ಬೇರೊಬ್ಬಳು ಬಂದು ಕೂತಿದ್ದಳು.

ಅವಳು ಬರೆದಳೋ, ಅಜ್ಜಿ ಅವಳ ಕೈ ಹಿಡಿದು ಬರೆಸಿದಳೋ, ಮೂರೇ ವಾರಕ್ಕೆ ಕಂತು ಮುಗಿಯಿತು. ಮೇಲಿನ ಮನೆಯವರನ್ನು ಓದಿ ನಿರ್ಮಾಪಕಿ ಕುಣಿದಾಡಿದಳು. "ಮೂವತ್ತು ವರ್ಷದ ಹಿಂದೇನೇ ಇಂಥಾ ಐಡಿಯಾನಾ! ಎಂಥ ತಲೆ ಕಣೇ ಆ ಮನುಷ್ಯಂದು!" ಎಂದು ಅವತ್ತೇ ಬಡಗಿಗೆ ಹೇಳಿ ಸೆಟ್ಟಿನ ಮೇಲೆ ಎರಡನೇ ಮಹಡಿ ಎಬ್ಬಿಸಿದಳು. ನಲವತ್ತು ಜನ ಮಲಗುವಷ್ಟು ಗಟ್ಟಿ ಅಟ್ಟ. "ಕೂಸು ಹುಟ್ಟೋಕೆ ಮುಂಚೆ ಕುಲಾವಿ," ಎಂದು ಗೊಣಗುತ್ತ ಬಡಗಿ ಮೊಳೆ ಹೊಡೆದ. ಪಿಟೀಲು ಅಟ್ಟದ ಏಣಿ ಹತ್ತಿ ಇಳಿದು, ಹತ್ತಿ ಇಳಿದು, ನೆಲಕ್ಕೆ ಕಿವಿಯಿಟ್ಟು, ಗಾಳಿಯಲ್ಲಿ ತೇಲುತ್ತಿದ್ದಳು.

ಓದಿನ ಹಿಂದಿನ ದಿನ ಮಧ್ಯಾಹ್ನ ಕತ್ತರಿ ಕೂಗಿದ. "ಏ ಪಿಟೀಲು, ಒಂದು ಟೇಪು ಬಾಯಿ ಬಿಟ್ಟಿದೆ. ನಿಮ್ಮ ನೆಂಟರು ಬಂದಿದ್ದಾರೆ, ನೋಡು ಬಾ."

ಅವಳು ಓಡಿದಳು. ಪರದೆಯ ಮೇಲೆ ಬಕೆಟ್ ಹಿಡಿದ ದೊಡ್ಡಪ್ಪ! ಟವೆಲ್! ಬ್ರಷ್ಷು! ಅತ್ತೆ ಒಂದು ಮಾತಂದಳು, ಮೇಲಿನ ಮನೆಯವರು ಹೋ ಎಂದು ನಕ್ಕರು. ಸೊಸೆ ಬಿಕ್ಕಳಿಸಿದಳು. ಎಲ್ಲ ಮುಗಿದ ಮೇಲೆ, "ಹ್ಹೆ... ಹ್ಹೆ." ಪಿಟೀಲಿಗೆ ಕಣ್ಣು ತುಂಬಿ ಬಂತು.

"ಈಗ ಮೇಲಿನ ಮನೆ ತೋರಿಸ್ತಾರೆ, ನೋಡ್ತಿರು."

ತೋರಿಸಲಿಲ್ಲ. ಅದರ ಬದಲು ಮನೆಯನ್ನು ಹೊರಗಿನಿಂದ ತೋರಿಸಿದರು. ಒಂದೇ ಅಂತಸ್ತಿನ ಮನೆ. ಮೇಲೆ ತಾರಸಿ. ತಾರಸಿಯ ಮೇಲೆ ಒಣಹಾಕಿದ ಒಂದು ಚಡ್ಡಿ, ಅದರ ಪಕ್ಕ ಒಂದು ಕಾಗೆ.

"ಮೇಲೆ ಮನೆಯೇ ಇಲ್ಲವಲ್ಲೋ!"

"ಯಾವ ಮನೆ? ಅದು ಡಬ್ಬಿ ನಗು ಕಣೇ. ಮೊದಲ ಓದಿನ ದಿನ ಕಂಪನಿಯವರನ್ನೆಲ್ಲ ಕೂರಿಸಿಕೊಂಡು, ಅವರು ನಕ್ಕಿದ್ದನ್ನ ರೆಕಾರ್ಡ್ ಮಾಡಿಕೊಂಡಿದ್ದಾರೆ. ಆಮೇಲೆ ಪ್ರತಿ ವಾರ ಅದನ್ನೇ ಅಂಟಿಸಿದ್ದಾರೆ. ಇಲ್ಲಿ ನೋಡು, ಡಬ್ಬಿ ಮೇಲೆ ಬರೆದಿದೆ."

ಡಬ್ಬಿ ನಗು ಎಂದರೇನೆಂದು ಅವಳಿಗೆ ತಿಳಿಯದ್ದೇನಲ್ಲ. ಬೇರೆ ಧಾರಾವಾಹಿಗಳಲ್ಲಿ ಎಷ್ಟೋ ಸಲ ಕೇಳಿದ್ದಳು. ಆದರೆ ಮೇಲಿನ ಮನೆಯವರನ್ನು ಹಿಡಿದು ಡಬ್ಬಿಗೆ ಹಾಕಬಹುದೆಂದು ಕನಸಿನಲ್ಲೂ ಹೊಳೆದಿರಲಿಲ್ಲ. ಅಲ್ಲಿಂದಲೇ ಅಜ್ಜಿಗೆ ಫೋನು ಹಚ್ಚಿದಳು.

"ಅಜ್ಜೀ, ಮೇಲಿನ ಮನೆಯವರನ್ನ ನೀನು ಕಣ್ಣಾರೆ ನೋಡಿದ್ಯಾ?"

"ನೋಡೋಕೆ ಪುರುಸೊತ್ತೆಲ್ಲಿತ್ತೇ? ಎಂಟೂವರೆ ಅಂದ್ರೆ ನಾನು ಒಲೆ ಮುಂದೆ. ಪಡಸಾಲೇಲಿ ನಿಮ್ಮ ತಾತ ಕಾಲು ಚಾಚಿಕೊಂಡು ನೋಡೋರು, ಅಡುಗೆಮನೇಲಿ ನಾನು ಕೇಳಿಸ್ಕೊಳ್ಳೋಳು."

"ಮತ್ತೆ ಮೇಲೆ ಮನೆ ಇದೆ ಅಂತ ಯಾರು ಹೇಳಿದ್ರು?"

"ಯಾರಾದ್ರೂ ಹೇಳಬೇಕಾ? ಮನೆಯವರು ಜಗಳ ಆಡ್ತಾ ಇದ್ರು. ಜಗಳ ಆಡೋರು ನಗಲ್ಲ. ಅಂದಮೇಲೆ ನಗೋರು ಬೇರೆ. ಪಕ್ಕದ ಮನೆಯವರಾದ್ರೆ ಬಂದು ಬಿಡಿಸೋರು. ಬಿಡಿಸದೆ ನಗ್ತಾರೆ ಅಂದ್ರೆ ಮೇಲೇ ಇರಬೇಕು. ನಿಮ್ಮ ತಾತನ್ನ ಕೇಳಿದೆ, ‘ಯಾರೋ ನಗ್ತಾರೆ, ನೀನು ಊಟಕ್ಕೆ ಬಡಿಸು’ ಅಂದ್ರು." ಅಜ್ಜಿ ಉಸಿರು ತೆಗೆದುಕೊಂಡಳು. "ನಾಳೆ ನಾನೂ ಬರ್ತೀನಿ ಕೂಸೇ. ಆ ಬಚ್ಚಲನ್ನ ಒಂದ್ಸಲ ನೋಡಬೇಕು."

"ಸುಮ್ಮನಿದ್ದುಬಿಡು," ಎಂದ ಕತ್ತರಿ. "ಆ ಲೇಖಕ ಮುದುಕರಿಗೆ ಮೂವತ್ತು ವರ್ಷದ ಹಿಂದಿಂದು ಎಲ್ಲಿ ನೆನಪಿರುತ್ತೆ?"

ನೆನಪಿತ್ತು. ಮಾರನೆಯ ಬೆಳಿಗ್ಗೆ ಸೆಟ್ಟಿನ ನಡುವೆ ಕುರ್ಚಿ ಹಾಕಿಸಿಕೊಂಡು ಕೂತ ಹಳೆಯ ಲೇಖಕರ ಮುಖ ಬೀಗ ಹಾಕಿದ ಅಂಗಡಿಯ ಹಾಗಿತ್ತು. ಊರನ್ನೆಲ್ಲ ನಗಿಸಿದ ಮನುಷ್ಯ ತಾನು ನಕ್ಕದ್ದನ್ನು ಕಂಡವರಿಲ್ಲ ಎಂದು ಪ್ರತೀತಿ. "ಈ ಕಡೆ ಬಲಗಡೆಗೆ ಬಂದು ಓದಮ್ಮ," ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡರು. ಅಜ್ಜಿ ಕೈಚೀಲ ಮಡಿಲಲ್ಲಿಟ್ಟುಕೊಂಡು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದಳು. ಅವಳ ಕಣ್ಣೆಲ್ಲ ಬಚ್ಚಲ ಬಾಗಿಲ ಮೇಲೆ.

ಪಿಟೀಲು ಓದಿದಳು. ಮೂರನೆಯ ಸಾಲಿಗೇ ಲೇಖಕರ ಬೆರಳು ಮೇಲೆದ್ದಿತು.

"‘ಮೇಲಿನ ಮನೆಯವರು ನಗುತ್ತಾರೆ’. ಯಾರಿವರು?"

ನಿರ್ಮಾಪಕಿ ಹಲ್ಲು ಕಿರಿದಳು. "ನಿಮ್ಮವರೇ ಅಲ್ವಾ ಸರ್?"

"ನಾನು ಬರೆದ ಮನೆಗೆ ಮೇಲೆ ತಾರಸಿ ಇತ್ತು. ಕಾಗೆ ಇತ್ತು."

ಹತ್ತು ಜೊತೆ ಕಣ್ಣು ಪಿಟೀಲಿನ ಕಡೆ ತಿರುಗಿದವು. ಅವಳು ಕಾಗದ ಮಡಿಚಿದಳು. ಸುಳ್ಳು ಹೇಳಲು ಬಾಯಿ ತೆರೆದಳು, ಹೊರಬಂದದ್ದು ನಿಜ. ಒಲೆ, ಅಡುಗೆಮನೆ, ತಾತನ ಚಾಚಿದ ಕಾಲು, ನಲವತ್ತು ಜನ, ಎಲ್ಲವೂ ಒಂದೇ ಉಸಿರಿಗೆ ಉದುರಿದವು. "ನಾನು ನಿಮ್ಮ ಧಾರಾವಾಹಿ ನೋಡೇ ಇಲ್ಲ ಸರ್. ಅಜ್ಜಿಯೂ ನೋಡಿಲ್ಲ. ತಪ್ಪಾಯ್ತು."

ನಿರ್ಮಾಪಕಿ ತಲೆಯ ಮೇಲೆ ಕೈ ಹೊತ್ತು ಎರಡನೇ ಮಹಡಿಯನ್ನು ನೋಡಿದಳು. ಬಡಗಿ ಸುತ್ತಿಗೆ ಹುಡುಕತೊಡಗಿದ.

ಅಷ್ಟರಲ್ಲಿ ಸ್ಟೂಲು ಕಿರ್ರೆಂದಿತು. "ಏನ್ರೀ ತಪ್ಪು?" ಎಂದಳು ಅಜ್ಜಿ. "ಬರೆದವರು ನೀವು, ಮೂರು ವರ್ಷ ನಿಮ್ಮ ತಲೆ ಮೇಲೇ ನಕ್ಕಿದ್ದಾರೆ, ನಿಮಗೇ ಕೇಳಿಸಲಿಲ್ವಾ?"

"ಕೇಳಿಸಿತ್ತಮ್ಮಾ!" ಲೇಖಕರು ಕಣ್ಣು ತೆರೆದರು. "ನಾನು ಬೇಡ ಬೇಡ ಅಂದ್ರೂ ಆ ದರಿದ್ರ ನಗು ಅಂಟಿಸ್ತಿದ್ರು. ಅದರಲ್ಲೂ ಒಬ್ಬನಿದ್ದ. ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗೋನು. ನನ್ನ ಮುಂದಿನ ಮಾತಿನ ಮೇಲೆ ಬಂದು ಬೀಳೋನು. ಅವನನ್ನ ಹುಡುಕಿ ನಾಲ್ಕು ಬಾರಿಸಬೇಕು ಅಂತ ಮೂವತ್ತು ವರ್ಷದಿಂದ ಕಾದಿದ್ದೀನಿ."

"ಚಿಕ್ಕಪ್ಪನಿಗಾ? ಅಯ್ಯೋ ಪಾಪ, ಅವನಿಗೆ ಎಡಗಿವಿ ಮಂದ ಕಣ್ರೀ. ಬಲಗಿವಿಗೆ ಹೊರಳೋ ಹೊತ್ತಿಗೆ ಮಾತು ಮುಗಿದಿರುತ್ತೆ. ಹೊಡೀತಾರಾ ಯಾರಾದ್ರೂ? ಹೊರಳುವಾಗ ಪಕ್ಕದ ಸೊಸೆಗೆ ಮೊಣಕೈ ತಾಗುತ್ತೆ, ಅದಕ್ಕೇ ಅವಳಿಗೆ ಬಿಕ್ಕಳಿಕೆ."

ಲೇಖಕರ ಮುಖದ ಬೀಗ ಹಾಗೇ ಇತ್ತು. ಕತ್ತರಿ ಮುಸಿಮುಸಿ ನಕ್ಕ. ನಿರ್ಮಾಪಕಿಗೂ ತಡೆಯಲಾಗಲಿಲ್ಲ. ಬಡಗಿ ಬಾಯಲ್ಲಿದ್ದ ಮೊಳೆ ಉಗಿದು ನಕ್ಕ. ಎಲ್ಲರೂ ನಕ್ಕು, ಲೇಖಕರ ಮುಖ ನೋಡಿ ಹೆದರಿ, ಸುಮ್ಮನಾದರು.

ಆಗ ಕುರ್ಚಿಯಿಂದ ಬಂತು: "ಹ್ಹೆ... ಹ್ಹೆ."

ಅಜ್ಜಿಯ ಕೈಚೀಲ ಕೆಳಗೆ ಬಿತ್ತು. "ಕೂಸೇ! ಇವನೇ ಕಣೇ! ಚಿಕ್ಕಪ್ಪ!"

"ಯಾರು? ನಾನಾ?" ಲೇಖಕರು ಬೆಚ್ಚಿಬಿದ್ದರು.

ಕತ್ತರಿ ಬಾಣದಂತೆ ಓಡಿಹೋಗಿ ಟೇಪು ತಂದು ಹಾಕಿದ. ನಲವತ್ತು ಜನರ ನಗು, ಬಿಕ್ಕಳಿಕೆ, ಒಂದು ನಿಟ್ಟುಸಿರಿನಷ್ಟು ಬಿಡುವು, ಆಮೇಲೆ ಆ ನಗು. ಲೇಖಕರು ಬಲಗಿವಿ ತಿರುಗಿಸಿ ಎರಡು ಸಲ ಕೇಳಿದರು.

"ಮೊದಲ ಓದಿನ ದಿನ..." ಎಂದರು ನಿಧಾನವಾಗಿ. "ಮನೆಅಳಿಯನ ಪಾತ್ರದವನು ಕುರ್ಚಿ ಸಮೇತ ಹಿಂದಕ್ಕೆ ಬಿದ್ದ. ಕೆಲಸದ ಜಾಗದಲ್ಲಿ ನಾನು ನಕ್ಕಿದ್ದು ಅವತ್ತೊಂದೇ ದಿನ." ತಮ್ಮ ಎಡಗಿವಿ ಮುಟ್ಟಿ ನೋಡಿಕೊಂಡರು. "ಈ ಕಿವಿ ಹುಟ್ಟಿನಿಂದ ಮಂದ. ನಿಮಗೆ ಯಾರಮ್ಮ ಹೇಳಿದ್ರು?"

"ಹೇಳೋದೇನು ಬಂತು? ಕೇಳಿಸ್ತಿತ್ತಲ್ಲ," ಎಂದಳು ಅಜ್ಜಿ, ಚೀಲ ಎತ್ತಿಕೊಳ್ಳುತ್ತ. "ಈಗ ಬಾರಿಸ್ಕೊಳ್ಳಿ ನಾಲ್ಕು."

ಲೇಖಕರು ಬಾರಿಸಿಕೊಳ್ಳಲಿಲ್ಲ. ಪಿಟೀಲಿನ ಕೈಯಿಂದ ಕಾಗದ ಕಿತ್ತು, ಮೊಣಕಾಲ ಮೇಲಿಟ್ಟು, ಸಹಿ ಹಾಕಿದರು. "ಒಂದೇ ಷರತ್ತು. ಡಬ್ಬಿ ನಗು ಬೇಡ. ಮೇಲೆ ಮಲಗೋರು ನಿಜವಾಗಿ ಕೇಳಿಸಿಕೊಂಡು ನಗಬೇಕು. ಚಿಕ್ಕಪ್ಪನ ಪಾತ್ರಕ್ಕೆ ಯಾರನ್ನೂ ಹುಡುಕಬೇಡಿ. ಏಣಿ ಎಲ್ಲಿದೆ?"

ಬಡಗಿ ಹಿಡಿದುಕೊಂಡ, ಅವರು ಹತ್ತಿದರು. ಪಿಟೀಲಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಕತ್ತರಿಯ ಎರಡೂ ಕೈ ಹಿಡಿದು ಗಿರಗಿರನೆ ತಿರುಗಿದಳು. ತಿರುಗುತ್ತ ತಿರುಗುತ್ತ ನೋಡಿದರೆ ಮೂಲೆಯ ಸ್ಟೂಲು ಖಾಲಿ.

"ಅಜ್ಜಿ ಎಲ್ಲಿ?"

ಬಚ್ಚಲಿನೊಳಗಿಂದ ಚಿಲಕದ ಸದ್ದಾಯಿತು. "ಇದರಲ್ಲಿ ನೀರೇ ಬರಲ್ವಲ್ಲೇ ಕೂಸೇ! ನಲ್ಲಿ ಬರೀ ಬಣ್ಣ ಬಳಿದಿದ್ದು!"

"ಅಜ್ಜೀ, ಹೊರಗೆ ಬಾ!"

"ಬರಲ್ಲ. ಮೂವತ್ತು ವರ್ಷ ಆಯ್ತು ಇದರ ಬಾಗಿಲು ಕಾದು. ಸ್ವಲ್ಪ ಹೊತ್ತು ಕೂತು ಬರ್ತೀನಿ."

ನಿರ್ಮಾಪಕಿ ಬಾಗಿಲು ಬಡಿದಳು. ಕತ್ತರಿ ಬಡಿದ. ಆ ಪೊಳ್ಳು ಚಿಲಕ ಒಳಗಿನಿಂದ ಸಿಕ್ಕಿಹಾಕಿಕೊಂಡಿದೆ ಎಂದು ಆಗ ತಿಳಿಯಿತು. ಬಡಗಿ ಸ್ಕ್ರೂಡ್ರೈವರ್ ಹಿಡಿದು ಬಂದ, ಕ್ಯಾಮೆರಾದವನು ಬಂದ, ದೀಪದವನು ಬಂದ, ಬಣ್ಣದವಳು ಬಂದಳು, ಅಡಿಬರಹದ ಹೊಸ ಹುಡುಗಿ ಕೂಡ ಬಂದಳು. ಒಬ್ಬರ ಹಿಂದೊಬ್ಬರು ಕೂಗುತ್ತ, ತಳ್ಳುತ್ತ, "ನಾನು ಮೊದಲು ಬಂದಿದ್ದು" ಎಂದು ಜಗಳವಾಡುತ್ತ ನಿಂತರು. ಪಿಟೀಲು ಎಣಿಸಿದಳು. ಏಳು ಜನ. ಅವಳೂ ಹೋಗಿ ಸಾಲಿನ ಕೊನೆಯಲ್ಲಿ ನಿಂತುಕೊಂಡಳು.

ಒಳಗಿನಿಂದ ಅಜ್ಜಿ ಯಾವುದೋ ಹಾಡು ಗುನುಗತೊಡಗಿದ್ದು ಕೇಳಿಸಿತು. ಎಂಟೂ ಜನಕ್ಕೆ ನಗು ಉಕ್ಕಿ ಬಂತು. ನಕ್ಕರು, ಗೋಡೆ ಹಿಡಿದು ನಕ್ಕರು, ಹೊಟ್ಟೆ ಹಿಡಿದು ನಕ್ಕರು, ಸುಸ್ತಾಗಿ ಸುಮ್ಮನಾದರು.

ಮೇಲೆ ಅಟ್ಟದ ಹಲಗೆ ಕಿರುಗುಟ್ಟಿತು. ಯಾರೋ ಬಲಕ್ಕೆ ಹೊರಳಿದ ಸದ್ದು. ಪಿಟೀಲು ಕಿವಿಗೊಟ್ಟು ಕಾದಳು.

"ಹ್ಹೆ... ಹ್ಹೆ."