ಗಾಲಿಗೆ ಕಲ್ಲು

ಹೋಗು ಅಂದರೆ ಹೋಗದು ಈ ಟೆಂಟು, ನಿನ್ನೆ ಇದೇ ಚೀಲದಿಂದ ತಾನೆ ಹೊರಗೆ ಬಂದದ್ದು, ಒಂದೇ ರಾತ್ರಿಯಲ್ಲಿ ಉಂಡು ದಪ್ಪಗಾಯಿತೇ, ಇಬ್ಬನಿ ಕುಡಿದು ಭಾರವಾಗಿದೆ, ಅಂಗೈಗೆಲ್ಲ ಕೆಸರು — ಬಿಡು, ನಾನು ಮಡಿಸ್ತೀನಿ, ಅನ್ನುತ್ತಾರೆ ಇವರು, ಬೇಡ, ನೀವು ಹೊಲಿದದ್ದನ್ನು ನೋಡಿಯೇ ಸಾಕಾಗಿದೆ. ದರ್ಜಿ ಗಂಡ ಟೆಂಟು ಹೊಲಿದರೆ ಹೀಗೇ, ನಮ್ಮಿಬ್ಬರನ್ನೂ ಚಾಪೆ ಮೇಲೆ ಮಲಗಿಸಿ, ತಾವೂ ಪಕ್ಕದಲ್ಲಿ ಮಲಗಿ, ಟೇಪು ಹಿಡಿದು ಅಳತೆ ತೆಗೆದರು, ಅಂಗಿಗೆ ತೆಗೆದ ಹಾಗೆ, ಮೈಗೊಪ್ಪುವ ಟೆಂಟು, ಮಗ್ಗುಲಾಗುವುದಕ್ಕೆ ಜಾಗ ಬೇಡವೇ ಮಹಾನುಭಾವರೇ, ರಾತ್ರಿಯೆಲ್ಲ ಚೋಟುವಿನ ಹಿಮ್ಮಡಿ ನನ್ನ ಪಕ್ಕೆಗೆ, ಮುಖ ಮಾತ್ರ ಅಪ್ಪನ ಕಡೆಗೆ. ಯಾವಾಗಲೂ ಅಪ್ಪನ ಕಡೆಗೇ. ಚೋಟುದ್ದದ ಹುಡುಗಿ, ಹೆತ್ತವಳು ನಾನು, ನನ್ನ ತೊಡೆ ಮೇಲೆ ಕೂರಿಸಿಕೊಂಡರೆ ಮುಳ್ಳು ಚುಚ್ಚಿದ ಹಾಗೆ ಜಾರಿ ಇಳಿಯುತ್ತಾಳೆ. ಯಾಕೆ ಬಂದೆವು ಮತ್ತೆ, ಕೆರೆ ನೋಡಲಿಕ್ಕಾ, ಡಿಪೋದಲ್ಲಿ ಅಂಗಲಾಚಿ ರಜೆ ತೆಗೆದುಕೊಂಡು, ಪಕ್ಕದ ಮನೆಯವರ ಕಾರು ಕೇಳಿ ತಂದದ್ದು ಇವಳು ಒಂದೇ ಒಂದು ಸಲ ತಾನಾಗಿ ಅಮ್ಮಾ ಅಂತ ಬರಲಿ ಅಂತ, ಸಂಜೆ ಮತ್ತೆ ಡ್ಯೂಟಿ, ಊರಿಂದೂರಿಗೆ ಬಸ್ಸು, ಮನೆ ಕಾಣುವುದು ಇನ್ನು ಯಾವಾಗಲೋ, ಉಳಿದಿರುವುದು ಇದೊಂದು ಬೆಳಗ್ಗೆ, ಇವಳು ನೋಡಿದರೆ ಅಪ್ಪನ ಅಂಗಿ ಚುಂಗು ಹಿಡಿದು ನಿಂತಿದ್ದಾಳೆ, ನಿನ್ನ ಬಾತು ಎಲ್ಲೇ ಅಂದರೆ, ಗೊತ್ತಿಲ್ಲ.

ಆ ಬಾತು. ಹಳದಿ ರಬ್ಬರಿನದು, ಒತ್ತಿದರೆ ಪೀಂ, ನಿನ್ನೆ ದಾರಿಯುದ್ದಕ್ಕೂ ನನ್ನ ಕಿವಿಯ ಹಿಂದೆಯೇ ಪೀಂ ಪೀಂ, ಅದಿಲ್ಲದಿದ್ದರೆ ಊಟವಿಲ್ಲ ನಿದ್ದೆಯಿಲ್ಲ, ಒಂದೂವರೆ ವರ್ಷದವಳಿದ್ದಾಗ ಬಸ್‌ಸ್ಟ್ಯಾಂಡಿನಲ್ಲಿ ನಾನೇ ತಂದುಕೊಟ್ಟದ್ದು, ಅದು ನೆನಪಿದೆಯೇ ಅವಳಿಗೆ, ಎಲ್ಲಿಯದು. ಉಚ್ಚೆ ಬಂತು ಅಂದಳು ನಿನ್ನೆ, ಮುಂದಿನ ಸ್ಟಾಪಿನಲ್ಲಿ ಅಂದೆ, ಬಾಯಿಗೆ ಹಾಗೇ ಬಂದುಬಿಟ್ಟಿತು, ಇಷ್ಟು ವರ್ಷ ಸ್ಟೀರಿಂಗ್ ಹಿಡಿದವಳಿಗೆ ಕಂಡಕಂಡಲ್ಲಿ ಬ್ರೇಕ್ ಒತ್ತಲು ಕಾಲೇ ಬರುವುದಿಲ್ಲ, ಕಾರಿಗೆ ಸ್ಟಾಪು ಎಲ್ಲಿ ಬರಬೇಕು, ಸೀಟು ಒದ್ದೆ, ಇದು ಬಸ್ಸಲ್ಲ ಕಣೇ ಅಂದರು ಇವರು, ನೀನು ಬಸ್ಸಿಗೇ ಹೋಗು ಅಂದಳು ಅವಳು, ಅತ್ತು ಕೆಂಪಾಗಿ, ಅಪ್ಪನ ಎದೆಗೆ ಮುಖ ಒತ್ತಿಕೊಂಡು. ಬಸ್ಸಿಗೇ ಹೋಗು. ಸಿಟ್ಟು ಬಂತು, ಅಳುವೂ ಬಂತು, ಎರಡನ್ನೂ ನುಂಗಿ ಗೇರು ಬದಲಿಸಿದೆ. ಇಲ್ಲಿ ಕೆರೆ ಹತ್ತಿರ ಇಳಿಜಾರಿನಲ್ಲಿ ನಿಲ್ಲಿಸಿ ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ, ಅಭ್ಯಾಸ, ಆಗ ಮಾತ್ರ ಹತ್ತಿರ ಬಂದಳು, ಕುಕ್ಕರುಗಾಲಲ್ಲಿ ಕೂತು ನೋಡಿದಳು, ಕಲ್ಲು ಯಾಕೆ, ಗಾಡಿ ಹೋಗಬಾರದು ಅಂತ, ಬಸ್ಸಿಗೂ ಇಡ್ತಾರಾ, ಹೂಂ, ಇಟ್ರೆ ಎಂಥಾ ಬಸ್ಸೂ ಕದಲಲ್ಲ, ಡ್ರೈವರು ಅಂದಳು, ಡ್ರೈವರೂ ಹೋಗಲ್ಲ ಅಂದೆ, ಏಳು, ಕೈ ಕೊಳಕಾಗುತ್ತೆ. ಸೊಳ್ಳೆ ಮುತ್ತುತ್ತಿತ್ತು, ಸ್ಟವ್ ಹತ್ತುತ್ತಿರಲಿಲ್ಲ, ಅಷ್ಟಾದರೂ ಮಾತಾಡಿದಳಲ್ಲ ಅಂತ ಖುಷಿಪಡಲಿಕ್ಕೂ ಪುರುಸೊತ್ತಿರಲಿಲ್ಲ.

ಹುಡುಕಿ ಸಾಕಾಯಿತು, ಪೊದೆ ನೋಡಿದೆ, ಹೊದಿಕೆ ಕೊಡವಿದೆ, ಪಾತ್ರೆ ಚೀಲ ಬೋರಲು ಹಾಕಿದೆ, ಎಲ್ಲಿಟ್ಟೆ ಹೇಳು ಚೋಟು, ತುಟಿ ಬಿಗಿದಿದ್ದಾಳೆ, ನನ್ನನ್ನೇ ನೋಡುತ್ತಾಳೆ, ಅಳುವುದೂ ಇಲ್ಲ, ಬಾತು ಕಳೆದರೆ ಊರು ಒಂದು ಮಾಡುವವಳು — ಇನ್ನೊಂದು ಕೊಡಿಸ್ತೀನಿ, ಹತ್ತಿ, ತಡವಾಗುತ್ತೆ. ಇನ್ನೊಂದ್ಸಲ ನೋಡೋಣ ಇರು, ಅನ್ನುತ್ತಾರೆ ಇವರು, ಏನು ನೋಡುವುದು, ನೀವು ಅಪ್ಪ ಮಗಳು ಇಲ್ಲೇ ಇರಿ, ನಾನು ಹೇಗಿದ್ದರೂ ಹೊರಗಿನವಳು. ಟೆಂಟನ್ನು ಚೀಲಕ್ಕೆ ಹಾಕದೆ ಹಾಗೇ ಡಿಕ್ಕಿಗೆ ತುರುಕಿ, ಬಲಗಡೆ ಗಾಲಿಯ ಕಲ್ಲನ್ನು ಕಾಲಲ್ಲಿ ಒದ್ದು, ಹತ್ತಿ ಕೂತೆ, ಅವರಿಬ್ಬರೂ ಹಿಂದಿನ ಸೀಟಿಗೆ ಹತ್ತಿದರು, ಬಸ್ಸಾದರೆ ಒಂದು ಸುತ್ತು ಬಂದು ನಾಲ್ಕೂ ಕಡೆ ಬಗ್ಗಿ ನೋಡದೆ ಹತ್ತಿದವಳಲ್ಲ, ಇವತ್ತು ಯಾರಿಗೆ ಬೇಕಾಗಿದೆ. ಕೀಲಿ ತಿರುಗಿಸಿದೆ, ಹ್ಯಾಂಡ್‌ಬ್ರೇಕ್ ಇಳಿಸಿದೆ, ಗಾಡಿ ಕೂದಲೆಳೆಯಷ್ಟು ಹಿಂದಕ್ಕೆ ಜಾರಿತು, ಎಲ್ಲೋ ಕೆಳಗಿನಿಂದ —

ಪೀಂ.

ಕಾಲು ತಾನಾಗಿ ಬ್ರೇಕಿನ ಮೇಲೆ. ಕನ್ನಡಿಯಲ್ಲಿ ಅವಳು, ಅಪ್ಪನ ತೊಡೆ ಬಿಟ್ಟು ಎದ್ದು ನಿಂತಿದ್ದಾಳೆ, ನನ್ನ ಸೀಟಿನ ಬೆನ್ನು ಹಿಡಿದು, ಅಮ್ಮಾ, ಹೋಗಲ್ಲ ಅಲ್ವಾ, ಡ್ರೈವರೂ ಹೋಗಲ್ಲ ಅಲ್ವಾ. ಹ್ಯಾಂಡ್‌ಬ್ರೇಕ್ ಎಳೆದೆ, ಇಳಿದೆ, ಬಗ್ಗಿದೆ, ಎಡಗಡೆ ಗಾಲಿಯಡಿ, ಎರಡೂ ಕೈಯಲ್ಲಿ ಒತ್ತಿ ಕೂರಿಸಿದ ಮಣ್ಣು, ಸಣ್ಣ ಬೆರಳಿನ ಗುರುತು, ಸಂಜೆ ಡ್ಯೂಟಿ, ತಡವಾಗುತ್ತೆ, ಡಿಪೋದಲ್ಲಿ ಕಾಯುತ್ತಾರೆ, ತಡವಾಗುತ್ತೆ, ರಬ್ಬರಿನ ಮೈ ಚಪ್ಪಟೆ, ಹೊರಗೆ ಕಾಣುವುದು ಕೊಕ್ಕು ಮಾತ್ರ, ಹಳದಿ ಕೊಕ್ಕು, ಗಾಲಿಗೆ ಅಡ್ಡ, ಹಳದಿ ಕೊಕ್ಕು