ಬಾನೆಟ್ ತಣ್ಣಗಾಗಲಿ

ಬ್ರೆಡ್ಡಿನವಳು ಮಾರಾಟಕ್ಕಿದ್ದ ಹಳೇ ವ್ಯಾನಿನ ಬಾನೆಟ್ ಮೇಲೆ ಅಂಗೈ ಇಟ್ಟಳು. ಬಿಸಿಯಾಗಿತ್ತು. ತಾನು ಬರುವ ಮುಂಚೆಯೇ ಇದನ್ನು ಓಡಿಸಿ, ಹದ ಮಾಡಿ ನಿಲ್ಲಿಸಿದ್ದಾರೆಂದು ಅವಳಿಗೆ ಗೊತ್ತಾಗಿಹೋಯಿತು.

“ಕೀ ತಿರುಗಿಸಿ ನೋಡಿ, ಒಂದೇ ಸಲಕ್ಕೆ ಸ್ಟಾರ್ಟು,” ಎಂದ ವ್ಯಾನಿನ ಮಾಲೀಕ. ಜೀವಮಾನವೆಲ್ಲ ನಲ್ಲಿ ರಿಪೇರಿ ಮಾಡಿ, ಮಂಡಿ ಕೈಕೊಟ್ಟ ಮೇಲೆ ಕೆಲಸ ಬಿಟ್ಟವನು ಅವನು.

“ತಣ್ಣಗಾಗ್ಲಿ. ಆಮೇಲೆ ತಿರುಗಿಸ್ತೀನಿ.”

“ಸಂಜೆ ಆಗುತ್ತಮ್ಮ.”

“ಆಗ್ಲಿ ಬಿಡಿ,” ಎಂದವಳು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತೇಬಿಟ್ಟಳು.

ಜೊತೆಗೆ ಬಂದಿದ್ದ ಅಣ್ಣನಿಗೆ ಮೈ ಉರಿಯಿತು. ಗಾಡಿಗಳ ವಿಷಯವನ್ನು ಅರೆದು ಕುಡಿದವನು ತಾನೆಂದು ಅವನ ನಂಬಿಕೆ. ನಾಲ್ಕು ಟೈರಿಗೂ ಒಂದೊಂದು ಒದೆ ಕೊಟ್ಟಲ್ಲಿಗೆ ಅವನ ಪರೀಕ್ಷೆ ಮುಗಿದಿತ್ತು. “ಹದಿನೈದು ವರ್ಷದ ಗಾಡಿ ಕಣೇ. ಎಷ್ಟು ಅಂತ ನೋಡ್ತೀಯಾ?”

ಅವಳು ಏಳಲಿಲ್ಲ. ಹಿಂದಿನ ವ್ಯಾನು ಒಂದು ಬೆಳಗಿನ ಜಾವ ಸದ್ದಿಲ್ಲದೆ ಮಲಗಿಬಿಟ್ಟು, ಆಸ್ಪತ್ರೆಯ ರೋಗಿಗಳಿಗೆ ಬ್ರೆಡ್ ತಲುಪಿದಾಗ ತಿಂಡಿಯ ಹೊತ್ತು ದಾಟಿತ್ತು. ಅಲ್ಲಿನ ಅಡುಗೆಮನೆಯ ಮೇಲ್ವಿಚಾರಕಿ ಮುಖ ಸಿಂಡರಿಸಿಕೊಂಡು, “ಇನ್ನೊಂದ್ಸಲ ಹೀಗಾದ್ರೆ ಬೇರೆ ಬೇಕರಿ ನೋಡ್ಕೋತೀವಿ,” ಎಂದಿದ್ದಳು. ಆ ಆಸ್ಪತ್ರೆ ಕೈಬಿಟ್ಟರೆ ಒಲೆ ಆರಿಸುವುದೇ. ನಸುಕಿನ ಚಳಿಯಲ್ಲಿ ಎದ್ದರೆ ಗಾಡಿ, ಇಲ್ಲದಿದ್ದರೆ ತಗಡು.

ಮಾಲೀಕ ಎಂಜಿನ್ ಹೊಗಳಿದ, ಬಣ್ಣ ಹೊಗಳಿದ, ಹಾರ್ನನ್ನೂ ಬಿಡಲಿಲ್ಲ. ಅವಳು ಹೂಂಗುಟ್ಟುತ್ತ ಕೂತಿದ್ದಳು. ಹೊಗಳಿಕೆಗೂ ಒಂದು ಮಿತಿ ಇರುತ್ತದಲ್ಲ. ಬಾನೆಟ್ಟಿಗಿಂತ ಮುಂಚೆ ಅದೇ ತಣ್ಣಗಾಯಿತು. ಕೊನೆಗೆ ಅವನು ಮಂಡಿ ನೀವಿಕೊಳ್ಳುತ್ತ ಅವಳ ಪಕ್ಕದಲ್ಲೇ ಕೂತ.

“ತಣ್ಣಗಿದ್ದಾಗ ಮೊದಲ್ನೇ ಸಲಕ್ಕೆ ಏಳಲ್ಲ. ಎರಡ್ನೇದಕ್ಕೆ ಕೆಮ್ಮುತ್ತೆ. ಮೂರ್ನೇದಕ್ಕೆ ಏಳುತ್ತೆ, ಅದಂತೂ ತಪ್ಪಿಲ್ಲ. ದೊಡ್ಡ ಏರು ಹತ್ತಿದ್ರೆ ಎಂಜಿನ್ ಕಾಯುತ್ತೆ, ನೀರು ಇಟ್ಕೊಂಡಿರ್ಬೇಕು. ಹಿಂದಿನ ಬಾಗಿಲು ಸ್ವಲ್ಪ ಎತ್ತಿ ಎಳೀಬೇಕು.”

“ಮೊದಲೇ ಯಾಕೆ ಹೇಳ್ಲಿಲ್ಲ?”

“ನಿಮಗಿಂತ ಮುಂಚೆ ಬಂದೋರಿಗೆ ಹೇಳಿದ್ದೆ. ಪೂರ್ತಿ ಕೇಳೋಕೂ ನಿಲ್ಲಲಿಲ್ಲ.”

“ಕೇಳಿದ್ಯಲ್ಲ, ನಡಿ ಹೋಗೋಣ,” ಎಂದ ಅಣ್ಣ.

ಅವಳು ಎದ್ದು ಹಿಂದಿನ ಬಾಗಿಲನ್ನು ಎತ್ತಿ ಎಳೆದಳು, ತೆರೆಯಿತು. ಬಾನೆಟ್ ಮುಟ್ಟಿದಳು. ಕೂತಿದ್ದ ಕಟ್ಟೆಯಷ್ಟೇ ತಣ್ಣಗಿತ್ತು. ಒಳಗೆ ಕೂತು ಕೀ ತಿರುಗಿಸಿದಳು. ಮೊದಲನೆಯದಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ಕೆಮ್ಮಿತು. ಈ ವ್ಯಾನು ತನಗೆ ಬೇಕೇ ಬೇಕು ಅನ್ನಿಸಿಬಿಟ್ಟಿತ್ತು. ಮೂರನೆಯದಕ್ಕೆ ಇಡೀ ಗಾಡಿ ಗಡಗಡ ನಡುಗಿ, ಹೊಗೆ ಉಗುಳಿ, ಎದ್ದಿತು.

“ಮೂರು ಸಲ ತಗೊಳ್ತಲ್ಲೇ,” ಎಂದ ಅಣ್ಣ.

“ನಮ್ಮ ಹಳೇದು ದಿನಾ ಒಂದೇ ಸಲಕ್ಕೆ ಏಳ್ತಿತ್ತು. ಒಂದಿನ ಏಳಲೇ ಇಲ್ಲ. ಇದರ ಹಠ ಏನು ಅಂತ ನಂಗೆ ಗೊತ್ತಾಯ್ತು. ನೀನು ಹೋಗಿ ಒಂದು ಕ್ಯಾನು ನೀರು ತುಂಬಿಸ್ಕೊಂಡು ಬಾ.”

ಮರುದಿನ ಅವಳು ಎಂದಿಗಿಂತ ಬೇಗ ಎದ್ದಳು. ಮೂರನೆಯ ಸಲಕ್ಕೆ ವ್ಯಾನೂ ಎದ್ದಿತು. ಬಿಸಿ ಬ್ರೆಡ್ಡಿನ ತಟ್ಟೆಗಳೊಂದಿಗೆ ಆಸ್ಪತ್ರೆ ಮುಟ್ಟಿದಾಗ ಅಡುಗೆಮನೆಯ ಬಾಗಿಲು ಇನ್ನೂ ತೆಗೆದಿರಲಿಲ್ಲ. ಅವಳೇ ತಟ್ಟಿ ಒಳಗಿನವರನ್ನು ಎಬ್ಬಿಸಿದಳು.