ಹದಿನಾಲ್ಕು ಚೊಂಬು ನೀರು

ಆ ಮನೆಯಲ್ಲಿ ಇದ್ದವರು ಅಣ್ಣ, ಅತ್ತಿಗೆ, ತಂಗಿ, ಮೂವರು. ವೈದ್ಯರ ಮುಂದೆ ಬಾಯಿ ತೆರೆಯುವವನು ಒಬ್ಬನೇ. ರೋಗಿಗೆ ರೋಗದ ಹೆಸರು ಹೇಳಬಾರದು, ಹೇಳಿದರೆ ಎದೆಯೊಡೆದೀತು ಎಂಬುದು ಅಲ್ಲಿ ತಲೆಮಾರುಗಳ ಪದ್ಧತಿ. ಅಣ್ಣತಂಗಿಯರ ತಂದೆ ತಮಗಿರುವುದು ಬರೀ ಅಜೀರ್ಣವೆಂದು ನಂಬಿಕೊಂಡೇ ಕಣ್ಣು ಮುಚ್ಚಿದರೆಂದು ಮನೆಯ ಮಾತು. ಈಗ ಆ ಪದ್ಧತಿಯನ್ನು ಕಾಯುತ್ತಿದ್ದವನು ಅಣ್ಣ, ನಿವೃತ್ತ ರೈಲ್ವೆ ಗಾರ್ಡು. ತಾನು ಹಸಿರು ಬಾವುಟ ಬೀಸದೆ ಮನೆಯಲ್ಲಿ ಯಾವ ಸುದ್ದಿಯೂ ಹೊರಡಕೂಡದು.

ತಂಗಿ ಹೊಲಿಗೆಯವಳು. ಅಳತೆಯ ಪಟ್ಟಿ ಅವಳ ಕೊರಳಿನಿಂದ ಇಳಿದದ್ದನ್ನು ಕಂಡವರಿಲ್ಲ. ಬೀದಿಗೆಲ್ಲ ಅವಳು ಟೇಪಕ್ಕ. ಎರಡು ವರ್ಷಗಳಿಂದ ಅವಳ ಮೊಣಕಾಲ ಕೆಳಗಿನ ಎಲುಬುಗಳು ನೋಯುತ್ತಿದ್ದವು. ಆಸ್ಪತ್ರೆಯಲ್ಲಿ ಕಾಲು ಮುಟ್ಟಿ ನೋಡಿದ್ದು ಮುಗಿದೊಡನೆ ಅಣ್ಣ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಪ್ರಶ್ನೆಗಳಿಗೆಲ್ಲ ತಾನೇ ಉತ್ತರ ಕೊಡುತ್ತಿದ್ದ. ಬಾಯಾರಿಕೆ ಹೆಚ್ಚೇ ಎಂದು ಕೇಳಿದವರಿಗೆ ಇಲ್ಲವೆಂದ. ಅವನಿಗೆ ಗೊತ್ತಿರಲಿಲ್ಲ; ಆದರೆ ಗೊತ್ತಿಲ್ಲ ಎನ್ನುವುದು ಹಿರಿಯರ ಬಾಯಿಗೆ ಒಗ್ಗುವ ಮಾತಲ್ಲ. ಹೀಗೆ ಎಲುಬಿನ ಸೋಂಕೆಂದು ಎಂಟು ತಿಂಗಳು ಮಾತ್ರೆ ನುಂಗಿದ್ದಾಯಿತು.

ಕಡೆಗೆ ಎಲುಬಿನ ಚೂರೊಂದು ದೊಡ್ಡಾಸ್ಪತ್ರೆಗೆ ಹೋಯಿತು. ಅಲ್ಲಿನ ಡಾಕ್ಟರಮ್ಮ ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಮೂರು ಸಲ ನೋಡಿದರು. ದೇಹವನ್ನು ಕಾಯಬೇಕಾದ ಹಿಸ್ಟಿಯೋಸೈಟ್ ಎಂಬ ಜೀವಕೋಶಗಳು ಅಲ್ಲಿ ಗುಂಪುಗಟ್ಟಿ ಕುಳಿತಿದ್ದವು. ಅದು ಹಳೆಯ ಸೋಂಕಿನ ಗುರುತಾಗಿರಬಹುದು. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಬರುವ ಕ್ಯಾನ್ಸರೂ ಆಗಿರಬಹುದು. ಗಾಜಿನ ಮೇಲಿನ ಚೂರು ಅರ್ಧವನ್ನಷ್ಟೇ ಹೇಳುತ್ತದೆ. ಉಳಿದರ್ಧಕ್ಕಾಗಿ ಅವರು ಟೇಪಕ್ಕನನ್ನೇ ಒಳಗೆ ಕರೆಸಿದರು. ಅಣ್ಣನೂ ಹಿಂದೆಯೇ ನುಗ್ಗಿದ.

"ಏನಿದ್ರೂ ನನ್ ಹತ್ರ ಹೇಳಿ ಡಾಕ್ಟ್ರೇ. ಅವಳು ಹೆದರ್ತಾಳೆ."

"ಹೆದರಿಕೆ ಆಮೇಲೆ ನೋಡೋಣ ಯಜಮಾನ್ರೇ. ಅಮ್ಮಾ, ದಿನಕ್ಕೆ ಎಷ್ಟು ನೀರು ಕುಡೀತೀರಿ?"

"ಹದಿನಾಲ್ಕು ಚೊಂಬು," ಎಂದಳು ಟೇಪಕ್ಕ. ಅಳೆಯದೆ ಅವಳು ಏನನ್ನೂ ಹೇಳುವವಳಲ್ಲ.

ಅಣ್ಣ ಬೆಚ್ಚಿದ. "ನಂಗೆ ಒಂದು ದಿನನಾದ್ರೂ ಹೇಳಿದ್ಯಾ?"

"ನೀನು ಯಾವತ್ತು ಕೇಳ್ದೆ? ಕೇಳಿದವರಿಗೆಲ್ಲ ನೀನೇ ಹೇಳ್ತಿದ್ಯಲ್ಲ."

ಡಾಕ್ಟರಮ್ಮ ನಗು ತಡೆದುಕೊಂಡು ತಲೆಯ, ಹೃದಯದ ಚಿತ್ರಗಳನ್ನು ತೆಗೆಸಲು ಬರೆದರು.

ವಾರದ ನಂತರ ಫಲಿತಾಂಶ ತರಲು ಅಣ್ಣ ಗುಟ್ಟಾಗಿ ಒಬ್ಬನೇ ಹೋದ. ರೋಗದ ಹೆಸರನ್ನು ತಿಳಿದುಕೊಂಡು, ಯಾವುದೋ ಹಳೆಯ ಪುಸ್ತಕದಿಂದ ಆ ರೋಗಿಗಳ ಆಯುಸ್ಸಿನ ಸರಾಸರಿಯನ್ನೂ ಹೆಕ್ಕಿಕೊಂಡು ಬಂದ. ಬಂದವನೇ ಹೊಲಿಗೆಯಂತ್ರದ ಮೇಲೆ ಬಿಳಿ ಹಾಸುಬಟ್ಟೆ ಹೊದಿಸಿದ. ತಂಗಿಗೆ ವಾತವೆಂದ, ವಿಶ್ರಾಂತಿ ಸಾಕೆಂದ. ಅತ್ತಿಗೆ ಕಣ್ಣೊರೆಸಿಕೊಳ್ಳುತ್ತ ಒಲೆಯ ಹೊಗೆ ಎಂದಳು. ಒಲೆ ಹೊತ್ತಿರಲಿಲ್ಲ.

ಟೇಪಕ್ಕ ಹಾಸುಬಟ್ಟೆಯನ್ನು ತೆಗೆದು ನಾಲ್ಕು ಮಡಿಕೆ ಮಾಡಿಟ್ಟಳು. ಚಪ್ಪಲಿ ಮೆಟ್ಟಿ ಒಬ್ಬಳೇ ಆಸ್ಪತ್ರೆಗೆ ನಡೆದಳು. ಸಂಜೆ ಮರಳಿದಾಗ ಅವಳ ಕೈಯಲ್ಲಿ ರೋಗದ ಹೆಸರು ಬರೆದ ಚೀಟಿಯೂ ಮಾತ್ರೆಗಳ ಡಬ್ಬಿಯೂ ಇದ್ದವು.

"ಅಣ್ಣ, ನಂಗೆ ಕ್ಯಾನ್ಸರು. ನೋಡು, ನಂಗೆ ಹೇಳಿದ್ರು; ಎದೆ ಒಡೀಲಿಲ್ಲ."

ಪುಸ್ತಕದ ಆಯುಸ್ಸಿನ ಸರಾಸರಿ ಅಣ್ಣನ ಬಾಯಿಂದ ತಾನಾಗಿಯೇ ಹೊರಬಿತ್ತು.

"ಬೀದಿಯವರೆಲ್ಲರ ಅಳತೆ ಕೂಡಿಸಿ, ಭಾಗಿಸಿ, ಒಂದೇ ಅಳತೆಗೆ ಎಲ್ಲರಿಗೂ ಅಂಗಿ ಹೊಲಿದ್ರೆ ಯಾರಿಗೆ ಸರಿಹೋಗುತ್ತೆ, ಹೇಳು?" ಎಂದಳು ಟೇಪಕ್ಕ. "ಆ ಲೆಕ್ಕ ಈ ಮಾತ್ರೆ ಬರೋಕೆ ಮುಂಚಿನದು. ರೋಗ ಎಲ್ಲಿ ಕೂತಿದೆ ಅನ್ನೋದರ ಮೇಲೆ ಮುಂದಿಂದು ನಿಂತಿರುತ್ತಂತೆ. ನನ್ನ ಹೃದಯ ಮುಟ್ಟಿಲ್ಲ. ತಲೇಲಿ ಬಾಯಾರಿಕೆ ನೋಡ್ಕೊಳ್ಳೋ ಕಡೆ ಸ್ವಲ್ಪ ಕೂತಿದೆ. ಖಂಡಿತ ಅಂತ ಡಾಕ್ಟರಮ್ಮನೂ ಹೇಳಲ್ಲ; ಆದ್ರೆ ನನ್ನ ಅಳತೆ ನಂದು."

"ನಿಂಗೆ ನೋವಾಗಬಾರದು ಅಂತ..."

"ನೋವು ಮೊದಲೇ ಇತ್ತು ಅಣ್ಣ. ಅದರ ಹೆಸರು ಮಾತ್ರ ನೀನು ಬಚ್ಚಿಟ್ಕೊಂಡಿದ್ದೆ."

ಮನೆಯ ಮೂರನೆಯವಳಾದ ಅತ್ತಿಗೆ ಆ ದಿನ ಮೊದಲ ಸಲ ಗಂಡನೆದುರು ಬಾಯಿ ತೆರೆದಳು. ಮಾವನವರಿಗೂ ಹೇಳಬೇಕಿತ್ತು, ಅವರು ಕೊನೆಯ ದಿನದವರೆಗೂ ತಮಗೇನಾಗಿದೆಯೆಂದು ತನ್ನನ್ನು ಕೇಳುತ್ತಿದ್ದರು ಎಂದಳು.

ಮೂರು ತಿಂಗಳಲ್ಲಿ ಹದಿನಾಲ್ಕು ಚೊಂಬು ಐದಕ್ಕೆ ಇಳಿಯಿತು. ಯಂತ್ರ ಮತ್ತೆ ಓಡಿತು. ಮುಂದಿನ ವರ್ಷದ ಮದುವೆಯೊಂದರ ಬಟ್ಟೆಯನ್ನೂ ಟೇಪಕ್ಕ ಒಪ್ಪಿಕೊಂಡಳು. ಮರುಪರೀಕ್ಷೆಯ ದಿನ ದಾದಿ ಕರೆದಾಗ ಅಣ್ಣ ಅಭ್ಯಾಸಬಲದಿಂದ ಎದ್ದುನಿಂತ. ತಂಗಿಯ ಮುಖ ನೋಡಿದ. ಬೆಂಚಿನ ಮೇಲೆ ಮತ್ತೆ ಕುಳಿತು, ಕೈಯಲ್ಲಿದ್ದ ಹಸಿರು ಕರವಸ್ತ್ರವನ್ನು ಎತ್ತಿ ಒಮ್ಮೆ ಬೀಸಿದ.

ಟೇಪಕ್ಕ ನಗುತ್ತ ಒಳಗೆ ಹೋದಳು.